ಏಳು ಗೀರಿನ ಗಂಟೆ

ಕಂತು ಒಂಬತ್ತು

ಮೇಜಿನ ಮೇಲೆ ನೀಲಿ ಬಟ್ಟೆ. ಬಟ್ಟೆಯ ನಟ್ಟನಡುವೆ, ಬಾಯಿ ಮೇಲಾಗಿ ಮಲಗಿದ ಸೈಕಲ್ ಗಂಟೆಯ ಬಟ್ಟಲು. ಕಿಟಕಿಯಿಂದ ಇಳಿದ ಮಧ್ಯಾಹ್ನದ ಬೆಳಕು ಅದರ ಅಂಚಿನ ಮೇಲೆ, ಕರೆ ಬರಲೆಂದು ಕಾದು ಕುಳಿತವರಂತೆ, ತೆಳ್ಳಗೆ ಕುಳಿತಿದೆ. ಒಳಮೈಯಲ್ಲಿ ಅಂಚಿಗೆ ತುಸು ಕೆಳಗೆ ಲೋಹ ಉಜ್ಜುವ ಅರದಿಂದ ಎಳೆದ ಪುಟ್ಟ ಗೀರುಗಳು: ಒಂದು ಬದಿಗೆ ನಾಲ್ಕು, ಎದುರು ಬದಿಗೆ ಮೂರು. ಬಟ್ಟಲಿನ ಬಲಕ್ಕೆ ಕಪ್ಪು ರಟ್ಟಿನ ನೋಟ್‌ಬುಕ್ಕು. ಎಡಕ್ಕೆ ನೀರಿನ ಗ್ಲಾಸು, ತುಂಬಿದ್ದು ತುಂಬಿದಂತೆಯೇ. ಕಿಟಕಿಯ ಕಟ್ಟೆಯ ಮೇಲೆ ಒಂದು ದುಂಡನೆಯ ಕಲೆ. ಎಂಟು ತಿಂಗಳು ಅಲ್ಲೇ ಕೂರುತ್ತಿದ್ದ ಚಹಾದ ಕಪ್ಪು ಈಗಿಲ್ಲ, ಅದರ ತಳದ ವೃತ್ತ ಮಾತ್ರ ಉಳಿದಿದೆ. ಬಾಗಿಲ ಹಿಂದಿನ ಮೊಳೆಯಲ್ಲಿ ಕೋಟು ತೂಗಿಲ್ಲ. ಗಡಿಯಾರದಲ್ಲಿ ನಾಲ್ಕಕ್ಕೆ ಇನ್ನು ಅರ್ಧ ಗಂಟೆ. ದಿನಕ್ಕೆ ನೂರಾರು ಗಂಟೆಗಳು ಬಾಯಿ ಬಿಡುವ ಈ ಕೋಣೆಯಲ್ಲಿ ಈ ಒಂದು ಗಂಟೆ ಮಾತ್ರ ಮೂರು ದಿನದಿಂದ ಮೂಕವಾಗಿ ಬಿದ್ದಿದೆ.

ಚಿತ್ರ ಕದಲಿದ್ದು ಯಜಮಾನಿಯ ಮಾತಿನಿಂದ.

“ಎಣಿಸಿ ನೋಡಿ ಸಾರ್. ಏಳೇ ಇರೋದು.”

ಮೇಜಿನ ಆಚೆ ಬದಿಯ ಕುರ್ಚಿಯಲ್ಲಿ ಕುಳಿತಿದ್ದ ಸಲಹೆಗಾರ ಬಟ್ಟಲನ್ನು ನೋಡಿದ, ಎಣಿಸಲಿಲ್ಲ.

“ಹೌದು, ಏಳು,” ಎಂದ.

“ಎಣಿಸ್ದೇನೇ ಗೊತ್ತಾಯ್ತಾ?”

“ನೀವೇ ಹೇಳಿದ್ರಲ್ಲ ಮೇಡಂ.”

ಸೋಮವಾರ ಬೆಳಗ್ಗೆ, ಕಳಿಸಿದವರ ಹೆಸರಿಲ್ಲದ ಪೆಟ್ಟಿಗೆಯಲ್ಲಿ, ಎದುರಾಳಿ ಕಾರ್ಖಾನೆಯ ಚೀಟಿ ಅಂಟಿಸಿಕೊಂಡು ಈ ಗಂಟೆ ಬಂದಿತ್ತು. ಅಂದಿನಿಂದ ಯಜಮಾನಿಯ ಕಣ್ಣಿಗೆ ಗೀರುಗಳಲ್ಲದೆ ಮತ್ತೇನೂ ಕಂಡಿರಲಿಲ್ಲ.

ಅವಳ ತಂದೆ ಕಟ್ಟಿದ ಕಾರ್ಖಾನೆ ಇದು. ತಗಡನ್ನು ಒತ್ತಿ ಬಟ್ಟಲು ಮಾಡುವುದನ್ನು ಯಾವ ಯಂತ್ರವೂ ಮಾಡೀತು. ಆ ಬಟ್ಟಲಿಗೆ ದನಿ ಕೊಡುವುದು ಅರ. ಅಂಚಿನ ಒಳಗೆ ಇಂತಿಷ್ಟೇ ಗೀರು, ಇಂಥ ಕಡೆಯೇ ಎಳೆದರೆ ಗಂಟೆ ತಿಳಿಯಾಗಿ ನುಡಿಯುತ್ತದೆ; ಒಂದು ಹೆಚ್ಚು ಕಡಿಮೆಯಾದರೂ ಗಂಟಲು ಕಟ್ಟಿದವರ ಹಾಗೆ ಒರಲುತ್ತದೆ. ಆ ಎಣಿಕೆ ತಂದೆಯಿಂದ ಇಬ್ಬರು ಹೆಣ್ಣುಮಕ್ಕಳಿಗೆ ಬಂದಿತ್ತು. ಅಕ್ಕ ಅರ ಹಿಡಿದಳು, ತಂಗಿ ಕಾರ್ಖಾನೆ ಹಿಡಿದಳು. ಗಂಟೆಗೆ ಶ್ರುತಿ ಕೂಡಿಸುವ ಕೋಣೆಯಲ್ಲಿ ಅಂಕೆಯನ್ನು ಬಾಯಿಬಿಟ್ಟು ಹೇಳಕೂಡದೆಂಬುದು ತಂದೆಯ ಕಟ್ಟಳೆ. ಅದಕ್ಕೇ ಅಕ್ಕ ಒಂದೊಂದು ಗೀರಿಗೂ ಒಂದೊಂದು “ಹೂಂ” ಅನ್ನುತ್ತಾಳೆ, ಅಷ್ಟೇ.

ನಿಜವಾದ ಎಣಿಕೆ ಒಂಬತ್ತು. ಏಳು ಎಂಬುದು ಸುಳ್ಳು. ಸಲಹೆಗಾರ ಕೆಲಸಕ್ಕೆ ಬಂದ ಮೊದಲ ವಾರ, “ಗೀರು ಎಷ್ಟು?” ಎಂದು ಕೇಳಿದಾಗ, ಹೊರಗಿನವನೆಂಬ ಅಳುಕಿನಲ್ಲಿ ಯಜಮಾನಿ ಹೇಳಿದ ಸುಳ್ಳು. ಆ ಸುಳ್ಳನ್ನು ಅವಳು ಹೇಳಿದ್ದು ಜಗತ್ತಿನಲ್ಲಿ ಅವನೊಬ್ಬನಿಗೇ.

ಈಗ ಆ ಸುಳ್ಳು ಎದುರಾಳಿಯ ಹೆಸರು ಹೊತ್ತು ಮೇಜಿನ ಮೇಲೆ ಮಲಗಿದೆ.

“ಇದನ್ನ ಕಳ್ಳತನ ಅನ್ನಬೇಕೋ ನಂಬಿಕೆದ್ರೋಹ ಅನ್ನಬೇಕೋ, ಪದ ನೀವೇ ಆರಿಸ್ಕೊಳ್ಳಿ,” ಎಂದಳು ಯಜಮಾನಿ. “ವರದಿ ಬರೆಯೋದ್ರಲ್ಲಿ ನಿಮ್ಮ ಕೈ ಪಳಗಿದೆ.”

ಆತ ನಕ್ಕ. ಕಣ್ಣಿಗೆ ತಲುಪದ ನಗು.

ಎಂಟು ತಿಂಗಳ ಹಿಂದೆ ಈ ಮನುಷ್ಯ ಬಂದಾಗ ಯಜಮಾನಿ ಅವನಿಗೆ ಕಾಲು ಕುಂಟುವ ಕುರ್ಚಿ ಕೊಟ್ಟಿದ್ದಳು, ಬೇಕೆಂದೇ. ಆತ ಅದರ ಕಾಲಿಗೆ ಮಡಿಚಿದ ಕಾಗದ ಇಟ್ಟು ಕುಳಿತು ಪ್ರಶ್ನೆ ಶುರು ಮಾಡಿದ. ಪೆಟ್ಟಿಗೆ ಕಟ್ಟುವ ಮೇಜು ಬಾಗಿಲಿಗೆ ಇಷ್ಟು ದೂರ ಯಾಕೆ? ಅಕ್ಕ ತಂಗಿ ಬೇರೆ ಬೇರೆ ಹೊತ್ತಿಗೆ ಊಟಕ್ಕೆ ಹೋಗುವುದು ಯಾಕೆ? ತಿರಸ್ಕೃತ ಬಟ್ಟಲುಗಳ ರಾಶಿಯನ್ನು ಯಾರೂ ನೋಡದ ಮೂಲೆಯಲ್ಲಿ ಇಟ್ಟಿರುವುದು ಯಾಕೆ? ವಾರ ಕಳೆಯುವಷ್ಟರಲ್ಲಿ ಕೆಲಸದವರು ಅವನಿಗೆ ‘ಯಾಕಪ್ಪ’ ಎಂದು ಹೆಸರಿಟ್ಟಿದ್ದರು. “ಯಾಕಪ್ಪ ಬಂದ, ಉತ್ತರ ರೆಡಿ ಮಾಡ್ಕೊಳ್ರೋ” ಎನ್ನುವುದು ಒತ್ತುಯಂತ್ರದ ಸದ್ದಿಗಿಂತ ಮೇಲೆ ಕೇಳುತ್ತಿತ್ತು. ಅದು ಆತನಿಗೂ ಗೊತ್ತಿತ್ತು. ಒಮ್ಮೆ, “ಅಪ್ಪ ಅಂತಾದ್ರೂ ಸೇರಿಸಿದಾರಲ್ಲ, ಗೌರವ ಇದೆ,” ಎಂದಿದ್ದ.

ಮೂರನೆಯ ತಿಂಗಳಲ್ಲಿ ಅವಳು ಅವನ ವರದಿಯನ್ನು ಕಸದ ಬುಟ್ಟಿಗೆ ಎಸೆದಳು. ಆತ ಅದನ್ನು ಎತ್ತಿ, ಧೂಳು ಕೊಡವಿ, ಮತ್ತೆ ಮೇಜಿನ ಮೇಲಿಟ್ಟ.

“ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸೋ ಯಜಮಾನಿ ನನಗೆ ಬೇಡ ಮೇಡಂ. ಎಸೀರಿ, ತೊಂದ್ರೆ ಇಲ್ಲ. ಆದ್ರೆ ಕೇಳಿದ್ದಕ್ಕೆ ಅರ್ಧ ಹೇಳೋ ಯಜಮಾನಿ ಜೊತೆ ನನಗೆ ಕೆಲಸ ಮಾಡೋಕೆ ಬರಲ್ಲ.”

ಅಂದಿನಿಂದ ಗುರುವಾರ ನಾಲ್ಕು ಗಂಟೆಯ ಪದ್ಧತಿ. ಇಬ್ಬರೂ ಇದೇ ಮೇಜಿಗೆ ಎದುರುಬದುರು ಕೂರಬೇಕು. ಇನ್ನೊಬ್ಬರಿಗೆ ಹಿಡಿಸದ, ಆದರೆ ಹೇಳದೆ ಉಳಿದ ಒಂದು ಮಾತನ್ನು ಪ್ರತಿಯೊಬ್ಬರೂ ಹೇಳಬೇಕು. ಕೇಳಿದವರು ಮೊದಲು ಅದನ್ನು ತಮ್ಮ ಬಾಯಲ್ಲಿ ತಿರುಗಿ ಹೇಳಬೇಕು, ಜಗಳ ಆಮೇಲೆ. ಮೊದಲ ಗುರುವಾರ ಅವಳಿಗೆ ನಾಲಗೆ ಏಳಲಿಲ್ಲ. ಮೂರನೆಯದರಲ್ಲಿ, ಗಿರಾಕಿಗಳೆದುರು ತನಗೆ ಮಾತು ಒಣಗುತ್ತದೆಂದು ಹೇಳಿಕೊಂಡಳು. ಆರನೆಯದರಲ್ಲಿ ಆತ, “ನಿಮ್ಮ ಅಕ್ಕನ ಕೈಗೆ ವಯಸ್ಸಾಗ್ತಿದೆ, ನೀವು ನೋಡ್ತಿಲ್ಲ,” ಎಂದ. ಅವಳು ಅದನ್ನು ತಿರುಗಿ ಹೇಳಲು ಹೋಗಿ ಅತ್ತುಬಿಟ್ಟಳು. ತಂದೆಯ ತರುವಾಯ ಅವಳು ಯಾರೊಡನೆಯೂ ಹಾಗೆ ಮಾತನಾಡಿರಲಿಲ್ಲ. ಹೀಗೆ ಒಂದೊಂದೇ ಗುರುವಾರ ಅವಳೊಳಗಿನ ಒಂದೊಂದು ಕೋಣೆಗೆ ಕಿಟಕಿ ಇಟ್ಟಿತು.

ಏಳು ಎಂಬ ಆ ಒಂದು ಕೋಣೆಯನ್ನು ಬಿಟ್ಟು.

ನಾಳೆ ಬೆಳಗ್ಗೆ ಹತ್ತಕ್ಕೆ ಸೈಕಲ್ ಕಂಪನಿಯವರ ಎದುರು ಕೂರಬೇಕು. ಮೂರು ವರ್ಷಗಳ ಕಾಲ ಅವರ ಸೈಕಲ್‌ಗಳಿಗೆಲ್ಲ ಗಂಟೆ ಇಲ್ಲಿಂದ ಹೋಗುತ್ತದೆಯೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನ. ಹೋಗದಿದ್ದರೆ ಹೊರಗೆ ಕೆಲಸದ ಗದ್ದಲದಲ್ಲಿರುವ ಮೂವತ್ತನಾಲ್ಕು ಜನಕ್ಕೆ ಬರುವ ತಿಂಗಳಿನಿಂದ ಕೆಲಸವಿಲ್ಲ. ಮಾತಿನ ಎಳೆ, ಕೊಡಬೇಕಾದ ಗಡುವು, ಕೇಳಬೇಕಾದ ಪ್ರಶ್ನೆ ಎಲ್ಲವನ್ನೂ ಹೆಣೆದವನು ಈ ಮನುಷ್ಯ. ಅವನು ದ್ರೋಹಿಯಾದರೆ ಅವನ ಪಕ್ಕದಲ್ಲಿ ಕೂರಲಾಗದು; ಅವನಿಲ್ಲದೆ ಅಲ್ಲಿ ಹೇಗೆ ಕೂರಬೇಕೆಂದು ಅವಳಿಗೆ ತಿಳಿಯದು.

“ಒಂದು ಪ್ರಶ್ನೆ ಕೇಳ್ಲಾ?” ಎಂದ ಸಲಹೆಗಾರ.

“ಇವತ್ತೂನಾ?”

“ಇದನ್ನ ಬಾರಿಸಿ ನೋಡಿದ್ರಾ?”

ಯಜಮಾನಿ ಬಟ್ಟಲಿನತ್ತ ನೋಡಿದಳು.

“ಬಾರಿಸೋದೇನಿದೆ. ಕಣ್ಣಿಗೇ ಕಾಣ್ತಿದೆಯಲ್ಲ.”

“ಕಣ್ಣಿಗೆ ಕಾಣ್ತಿದೆ, ಸರಿ. ಗಂಟೆ ಮಾಡೋರ ಮಗಳು ನೀವು. ಮೂರು ದಿನ ಗಂಟೆಯನ್ನ ನೋಡ್ಕೊಂಡು ಕೂತಿದ್ರಿ. ಕೇಳಲಿಲ್ಲ. ಯಾಕೆ?”

“ಮಾತು ತಿರುಗಿಸ್ಬೇಡಿ. ಏಳು ಅಂತ ನಾನು ಹೇಳಿದ್ದು ನಿಮಗೊಬ್ಬರಿಗೇ.”

“ಹೌದು. ಸುಳ್ಳನ್ನ ನನಗೊಬ್ಬನಿಗೇ ಹೇಳಿದ್ರಿ.”

ಹೊರಗೆ ಒತ್ತುಯಂತ್ರ ಎರಡು ಸಲ ಬಡಿಯಿತು. ಮೂರನೆಯದು ಅವಳಿಗೆ ಕೇಳಿಸಲಿಲ್ಲ.

ಸುಳ್ಳು ಎಂಬ ಪದವನ್ನು ಅವಳು ಎಲ್ಲಿಯೂ ಆಡಿರಲಿಲ್ಲ. ಪತ್ತೆಗೆಂದು ಕರೆಸಿದ ಟೀಚರ್ ಒಬ್ಬರಿಗೆ ಮಾತ್ರ, ಅದೂ ಮನೆಯಲ್ಲಿ, ಬಾಗಿಲು ಹಾಕಿಕೊಂಡು ಹೇಳಿದ್ದಳು.

ಆತ ನೋಟ್‌ಬುಕ್ಕನ್ನು ಬಿಡಿಸಿ ಅವಳ ಕಡೆ ತಳ್ಳಿದ. ಅವನ ಬರವಣಿಗೆಯ ಕ್ರಮ ಅವಳಿಗೆ ಗೊತ್ತು: ಎಡಪುಟದಲ್ಲಿ ಕೇಳಿದ್ದು, ಬಲಪುಟದಲ್ಲಿ ಕಂಡದ್ದು. ಆದರೆ ಒಳಗೇನಿದೆಯೆಂದು ಅವಳು ಎಂದೂ ಕೇಳಿರಲಿಲ್ಲ, ಆತನೂ ತೋರಿಸಿರಲಿಲ್ಲ.

ಎಡಪುಟ: *ಗೀರು ಏಳು. ಯಜಮಾನಿಯ ಮಾತು.*

ಬಲಪುಟ: *ಗೋಡೆಯಾಚೆ ಅಕ್ಕನವರ ಹೂಂಕಾರ ಒಂಬತ್ತು. ಬೆಳಗಿನಿಂದ ನೂರು ಬಟ್ಟಲಿಗೆ ಎಣಿಸಿದೆ. ನಾಲ್ಕು, ಒಂದು ಉಸಿರು, ಐದು. ಏಳು ಎಂಬುದು ನಿಜವಲ್ಲ. ನಾನು ಕೇಳಬಾರದು. ಅವರಾಗಿ ಹೇಳುವ ದಿನದಿಂದ ನಮ್ಮ ನಿಜವಾದ ಕೆಲಸ ಶುರು.*

ಅದರ ಕೆಳಗೆ ಬೇರೆ ಬೇರೆ ದಿನದ ಬೇರೆ ಬೇರೆ ಶಾಯಿಯಲ್ಲಿ, ಒಂದರ ಕೆಳಗೊಂದು, ಒಂದೇ ಸಾಲು. *ಗುರುವಾರ. ಇವತ್ತೂ ಹೇಳಲಿಲ್ಲ. ಗುರುವಾರ. ಇವತ್ತೂ ಹೇಳಲಿಲ್ಲ.* ಪುಟ ಮುಗಿದು ಹಿಂಬದಿಗೂ ಹರಿದಿತ್ತು. ಇಪ್ಪತ್ತೊಂದು ಗುರುವಾರಗಳು.

ತಂದೆ ಅಂಕೆಯನ್ನು ಬಾಯಿಗೆ ತರಬೇಡವೆಂದ. ಇಬ್ಬರು ಮಕ್ಕಳೂ ತಪ್ಪದೆ ಪಾಲಿಸಿದರು. ಮೂವತ್ತೊಂದು ವರ್ಷ, ದಿನಕ್ಕೆ ನೂರಾರು ಸಲ, ಹಲಗೆಯ ಗೋಡೆಯಾಚೆ ಕುಳಿತ ಯಾರಿಗಾದರೂ ಕೇಳುವಂತೆ ಅದನ್ನೇ ಹೂಂಗುಟ್ಟುತ್ತ.

“ನಿಮಗೆ ಮೊದಲ ವಾರದಿಂದ್ಲೇ ಗೊತ್ತಿತ್ತು,” ಎಂದಳು ನಿಧಾನವಾಗಿ. “ಮಾರೋದಾಗಿದ್ರೆ ಒಂಬತ್ತನ್ನೇ ಮಾರ್ತಿದ್ರಿ. ಏಳನ್ನ ಯಾಕೆ ಮಾರ್ತೀರಿ?”

ಆತ ಉತ್ತರ ಕೊಡುವ ಮೊದಲೇ ಬಾಗಿಲು ತೆರೆಯಿತು.

ತಟ್ಟುವ ಅಭ್ಯಾಸ ಟೀಚರಿಗೆ ಇರಲಿಲ್ಲ. ನಲವತ್ತು ವರ್ಷ ತರಗತಿಗಳ ಬಾಗಿಲನ್ನು ತಮ್ಮದೆಂದೇ ತಳ್ಳಿ ಒಳಹೊಕ್ಕವರು. ಗಣಿತ ಕಲಿಸಿ ನಿವೃತ್ತರಾದ ಮೇಲೆ, ಕಾಣೆಯಾದ ಬೆಕ್ಕಿನಿಂದ ಹಿಡಿದು ಕಾಣೆಯಾದ ಗಂಡಂದಿರವರೆಗೆ ಎಲ್ಲವನ್ನೂ ಹುಡುಕಿಕೊಡುತ್ತಿದ್ದರು. “ಎರಡರಲ್ಲೂ ಒಂದೇ ಸೂತ್ರ, ಊಟ ಎಲ್ಲಿ ಸಿಗುತ್ತೆ ಅಂತ ನೋಡೋದು,” ಎನ್ನುತ್ತಿದ್ದರು. ಯಜಮಾನಿ ಅವರ ಹಳೆಯ ವಿದ್ಯಾರ್ಥಿನಿ. ಈಗಲೂ ಅವರೆದುರು ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

“ಕೂತ್ಕೋ, ಏಳ್ಬೇಡ,” ಎಂದು ಟೀಚರ್ ತಾವೂ ಒಂದು ಪೆಟ್ಟಿಗೆಯ ಮೇಲೆ ಕುಳಿತರು. “ನಿನ್ನ ಎದುರಾಳಿ ಕಾರ್ಖಾನೆಗೆ ಹೋಗಿದ್ದೆ. ಗಿರಾಕಿ ಅಂತ ಹೇಳ್ಕೊಂಡೆ. ಒಳ್ಳೇ ಜನ, ಕುರ್ಚಿ ಕೊಟ್ರು. ಕಾಲು ನೆಟ್ಟಗಿತ್ತು.”

ಸಲಹೆಗಾರ ಮೊದಲ ಸಲ ನಿಜವಾಗಿ ನಕ್ಕ.

“ಏನಾಯ್ತು ಟೀಚರ್?”

“ಅಲ್ಲಿ ಈ ಗಂಟೆ ಇಲ್ಲ.”

“ಇನ್ನೂ ಮಾರುಕಟ್ಟೆಗೆ ಬಿಟ್ಟಿಲ್ಲ ಅಂತಲಾ?”

“ಇಲ್ಲ ಅಂದ್ರೆ ಇಲ್ಲ. ಮಾಡೇ ಇಲ್ಲ. ಮಾಡೋ ಯೋಚನೆನೂ ಇಲ್ಲ. ಅವರ ಗಂಟೆ ಬಾರಿಸಿದೆ, ಚಮಚ ಬಿದ್ದ ಹಾಗೆ ಸದ್ದು ಮಾಡ್ತು. ಅವರಿಗೆ ಅದೇ ಇಷ್ಟ ಅಂತೆ.” ಟೀಚರ್ ಚೀಲದಿಂದ ಸೋಮವಾರ ಗಂಟೆಯ ಮೇಲಿದ್ದ ಚೀಟಿಯನ್ನು ತೆಗೆದರು. “ಇದು ಅವರ ಹೋದ ವರ್ಷದ ಚೀಟಿ. ಈಗ ಬಣ್ಣ ಬದಲಾಗಿದೆ. ಯಾವುದೋ ಹಳೇ ಡಬ್ಬಿಯಿಂದ ಸ್ಕೇಲ್ ಇಟ್ಟು ಕತ್ತರಿಸಿದಾರೆ. ಹಿಂದೆ ನೋಡು, ಎರಡು ಥರದ ಗೋಂದು.”

ಯಜಮಾನಿ ಚೀಟಿಯ ಬೆನ್ನನ್ನು ನೋಡಿದಳು. ಅಕ್ಷರಗಳು ಗೊತ್ತಿದ್ದೂ ಓದಲಾಗದ ಪತ್ರದಂತೆ ಅದು ಕೈಯಲ್ಲಿ ಉಳಿಯಿತು.

“ಅಂದ್ರೆ ಕಳವು…”

“ಆಗೇ ಇಲ್ಲ ಮಗೂ. ಏನೂ ಹೋಗಿಲ್ಲ. ಏನೋ ಬಂದಿದೆ, ಅಷ್ಟೇ. ಈಗ ಅದನ್ನ ಬಾರಿಸು.”

ಎರಡನೆಯ ಸಲ, ಎರಡನೆಯ ಬಾಯಿಂದ ಅದೇ ಮಾತು. ಯಜಮಾನಿ ಎದ್ದಳು. ಬಟ್ಟಲಿನ ನಡುವಿನ ತೂತಿಗೆ ದಾರ ಪೋಣಿಸಿ, ಕಿಟಕಿಯ ಪಕ್ಕದ ಕೊಕ್ಕೆಗೆ ತೂಗುಹಾಕಿದಳು. ಮರದ ಕಡ್ಡಿ ಎತ್ತಿಕೊಂಡಳು. ಏಳು ಗೀರಿನ ಗಂಟೆ ಹೇಗೆ ನುಡಿಯುತ್ತದೆಂದು ಅವಳಿಗೆ ಗೊತ್ತು. ಹುಡುಗಿಯಾಗಿದ್ದಾಗ ತಪ್ಪಿ ಎಳೆದು ತಂದೆಯಿಂದ ಬೈಸಿಕೊಂಡಿದ್ದಳು. ಆ ಕಟ್ಟಿದ ಗಂಟಲನ್ನು ಕೇಳಲು ಸಿದ್ಧಳಾಗಿ ಮೆಲ್ಲಗೆ ತಾಗಿಸಿದಳು.

ಅದು ತಿಳಿಯಾಗಿ ನುಡಿಯಿತು.

ನೀರಿನ ಮೇಲೆ ಒಂದು ಹನಿ ಬಿದ್ದು ಉಂಗುರ ದೊಡ್ಡದಾಗುತ್ತ ದಡ ಮುಟ್ಟುವವರೆಗೆ ಎಷ್ಟು ಹೊತ್ತೋ ಅಷ್ಟು ಹೊತ್ತು ಅದು ಕೋಣೆಯಲ್ಲಿ ಉಳಿಯಿತು. ಅದು ಒರಲಲಿಲ್ಲ, ಒಡೆಯಲಿಲ್ಲ. ಕೈಗೂಸಾಗಿದ್ದಾಗಿನಿಂದ ಅವಳು ಕೇಳುತ್ತ ಬಂದ ದನಿ. ತಂದೆ ತೀರಿಹೋದ ದಿನವೂ ಈ ಗೋಡೆಯಾಚೆಯಿಂದ ನಿಲ್ಲದೆ ಬಂದ ದನಿ.

ಅವಳು ಕಡ್ಡಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ಇದು ನಮ್ಮದು,” ಎಂದಳು. “ಇದು ಈ ಮನೆಯ ಗಂಟೆ.”

ಟೀಚರ್ ಭೂತಗನ್ನಡಿ ಕೊಟ್ಟರು. “ಎದುರು ಬದಿಯ ಮೂರು ಗೀರಿನ ಆಚೆ ಈಚೆ ನೋಡು. ಏನು ಕಾಣುತ್ತೆ?”

ಎರಡು ಜಾಗದಲ್ಲಿ ಲೋಹ, ಉಳಿದ ಕಡೆಗಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಹೊಳೆಯುತ್ತಿತ್ತು. ಯಾರೋ ಉಜ್ಜಿದ್ದರು. ತುಂಬ ತಾಳ್ಮೆಯಿಂದ, ದನಿಗೆ ನೋವಾಗದಂತೆ.

“ಒಂಬತ್ತರಲ್ಲಿ ಎರಡು ಕಳೆದ್ರೆ?”

“ಏಳು,” ಎಂದಳು ಯಜಮಾನಿ, ಐದನೆಯ ತರಗತಿಯ ದನಿಯಲ್ಲಿ.

“ಸದ್ಯ. ಇದಾದ್ರೂ ನೆನಪಿದೆ. ಗೀರನ್ನ ಅಳಿಸಬಹುದು, ಅದು ಕೊಟ್ಟ ದನಿಯನ್ನ ಅಳಿಸೋಕಾಗಲ್ಲ. ಮೂರು ದಿನದ ಹಿಂದೆ ಒಂದ್ಸಲ ಬಾರಿಸಿದ್ರೆ ನನ್ನ ಬಸ್ ಚಾರ್ಜು ಉಳೀತಿತ್ತು. ಇನ್ನೊಂದು ವಿಷಯ. ಗೀರುಗಳು ಯಾವ ಕಡೆ ವಾಲಿವೆ?”

ಯಜಮಾನಿ ನೋಡಬೇಕಾಗಿರಲಿಲ್ಲ. ಆದರೂ ನೋಡಿದಳು. ಅವಳು ಎಳೆದರೆ ಬಲಕ್ಕೆ ವಾಲುತ್ತವೆ. ಇವು ಎಡಕ್ಕೆ. ಈ ಕಾರ್ಖಾನೆಯಲ್ಲಿ ಎಡಗೈಯಲ್ಲಿ ಅರ ಹಿಡಿಯುವವರು ಒಬ್ಬರೇ.

ಆಗ ಅವಳ ಗಮನಕ್ಕೆ ಬಂತು: ಹಲಗೆಯ ಗೋಡೆಯಾಚೆ ಹೂಂಕಾರ ನಿಂತು ಎಷ್ಟೋ ಹೊತ್ತಾಗಿತ್ತು.

ಒಳಬಾಗಿಲು ಸರಿಯಿತು. ಏಪ್ರನ್ನಿನ ತುಂಬ ಲೋಹದ ಹುಡಿ, ಎಡಗೈಯಲ್ಲಿ ಅರ. ಅಕ್ಕ ಬಂದು ಹೊಸ್ತಿಲಲ್ಲಿ ನಿಂತಳು. ಐವತ್ತೆಂಟರ ಹೆಂಗಸು, ಇಡೀ ದಿನ ಬಗ್ಗಿ ಕೂತು ಒಂದು ಹೆಗಲು ಮೇಲೇರಿದವಳು.

“ಕರೆದ್ಯಾ ಪುಟ್ಟೀ?”

“ಇಲ್ಲ.”

“ಹಾಗಾದ್ರೆ ಗಂಟೆ ಕರೀತು.”

“ಅಕ್ಕಾ, ಇದು ನಿನ್ನ ಕೈಕೆಲ್ಸಾನಾ?”

ಅಕ್ಕ ಸಮೀಪ ಬಂದು, ತೂಗುತ್ತಿದ್ದ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು, ಉಜ್ಜಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. ಮುಖದಲ್ಲಿ ತಪ್ಪಿನ ನೆರಳಿಗಿಂತ ಮೊದಲು ಬಂದದ್ದು ಬೇರೆಯೇ.

“ಎರಡು ಗೀರು ಅಳಿಸೋಕೆ ಮೂರು ಮಧ್ಯಾಹ್ನ ಹಿಡೀತು. ದನಿ ಒಂಚೂರೂ ಕದಲಿಲ್ಲ ನೋಡು. ಅಪ್ಪನ ಕೈಲೂ ಆಗ್ತಿರಲಿಲ್ಲ.”

ಯಜಮಾನಿ ಮೇಜಿನ ಅಂಚನ್ನು ಹಿಡಿದುಕೊಂಡಳು. ಎದುರಾಳಿ ಇಲ್ಲ, ಕಳವು ಇಲ್ಲ, ಇದ್ದದ್ದು ಗೋಡೆಯಾಚೆಯ ಒಡಹುಟ್ಟಿದವಳು. ಬಾಲ್ಯದಲ್ಲಿ ತನ್ನ ತಪ್ಪು ಗೀರುಗಳನ್ನು ತಂದೆ ನೋಡುವ ಮೊದಲು ಬಚ್ಚಿಡುತ್ತಿದ್ದ ಅದೇ ಎಡಗೈ.

“ನಿನ್ನ ಕೋಣೆಯಲ್ಲಿ ಆರು ಹೊಸಬರಿಗೆ ಶ್ರುತಿ ಕಲಿಸ್ಬೇಕು ಅಂತ ಈ ಸಾರ್ ಹೇಳಿದ್ರಲ್ಲ, ಅದಕ್ಕಾ?”

“ಮೂವತ್ತೊಂದು ವರ್ಷ ಒಬ್ಬಳೇ ಕೂತ ಕೋಣೆ ಅದು,” ಎಂದಳು ಅಕ್ಕ. “ಆರು ಕುರ್ಚಿ ತರಿಸ್ತೀನಿ ಅಂದೆ ನೀನು. ಒಂದು ಮಾತು ಕೇಳ್ದೆ. ನನಗೆ ಹೇಳಿದ್ದು ಯಾರು ಗೊತ್ತಾ? ಕುರ್ಚಿ ಇಳಿಸೋಕೆ ಬಂದ ಗಾಡಿಯೋನು. ‘ಎಲ್ಲಿ ಇಡಲಿ ಅಮ್ಮ’ ಅಂದ. ನನಗೇನು ಗೊತ್ತು ಎಲ್ಲಿ ಇಡ್ಬೇಕು ಅಂತ. ಗುರುವಾರ ಗುರುವಾರ ಕೂತು ಇವರ ಹತ್ರ ಎದೆ ಬಿಚ್ತೀಯ. ಗೋಡೆ ಆಚೆ ಇರೋ ನನ್ನ ಹತ್ರ ಯಾವ ವಾರ ಕೂತಿದ್ದೆ?”

ಯಜಮಾನಿ ಅಕ್ಕನ ಮಾತನ್ನು ತಿರುಗಿ ಹೇಳಬೇಕೆಂದು ಬಾಯಿ ತೆರೆದಳು. ಕಣ್ಣು ಗೋಡೆಯತ್ತ ಹೋಯಿತು. ಗಡಿಯಾರ ನಾಲ್ಕು ತೋರಿಸುತ್ತಿತ್ತು. ಗುರುವಾರ.

ಒಂದಂತೂ ಸ್ಪಷ್ಟವಾಗಿತ್ತು. ಎಂಟು ತಿಂಗಳು ತನ್ನ ಸುಳ್ಳಿನ ಮೇಲೆ ತಾಳ್ಮೆಯಿಂದ ಕುಳಿತ ಒಬ್ಬ ಮನುಷ್ಯನನ್ನು ಅವಳು ಅರ್ಧ ಗಂಟೆಯ ಹಿಂದೆ ದ್ರೋಹಿ ಎಂದಿದ್ದಳು. ಅವಳು ಅವನೆದುರಿನ ಕುರ್ಚಿಯಲ್ಲಿ ಕುಳಿತಳು.

“ಸಾರ್, ನನ್ನ ಸರದಿ.”

ಆತ ತಲೆ ಎತ್ತಿದ.

“ನಾಲ್ಕು ಗೀರು. ಬಟ್ಟಲು ತಿರುಗಿಸಿ ಒಂದು ಉಸಿರು. ಆಮೇಲೆ ಐದು. ಒಟ್ಟು ಒಂಬತ್ತು.” ಈ ಕೋಣೆಯ ಗೋಡೆಗಳು ಆ ಎಣಿಕೆಯನ್ನು ಹೀಗೆ ಇಡಿಯಾಗಿ ಮನುಷ್ಯರ ಬಾಯಿಂದ ಕೇಳಿದ್ದು ಅದೇ ಮೊದಲು. ಅಕ್ಕನ ಕೈಯಲ್ಲಿದ್ದ ಅರ ಏಪ್ರನ್ನಿಗೆ ತಾಗಿ ಸದ್ದಾಯಿತು. “ಮೊದಲ ವಾರ ನಿಮಗೆ ಸುಳ್ಳು ಹೇಳಿದ್ದೆ. ಆಮೇಲೆ ಹೇಳ್ಬೇಕು ಅನ್ನಿಸ್ತಿತ್ತು. ತಡವಾದಷ್ಟೂ ನಾಚಿಕೆ ಜಾಸ್ತಿ ಆಯ್ತು. ಇವತ್ತು ನಾನು ನಿಮ್ಮನ್ನ ಅಂದಿದ್ದು ತಪ್ಪು. ನಾಳೆ ಹತ್ತಕ್ಕೆ ನನ್ನ ಪಕ್ಕ ಕೂತ್ಕೋಬೇಕು ನೀವು.”

ಪದ್ಧತಿಯಂತೆ ಆತ ತಿರುಗಿ ಹೇಳಬೇಕು. ಹೇಳಿದ, ಆದರೆ ದನಿ ಅವನದಾಗಿರಲಿಲ್ಲ.

“ಒಂಬತ್ತು. ಮೊದಲ ವಾರ ನನ್ನ ನಂಬಲಿಲ್ಲ. ಈಗ ನಂಬ್ತೀರಿ. ನಾಳೆ ನಾನು ನಿಮ್ಮ ಪಕ್ಕ ಇರ್ಬೇಕು.” ಕೊನೆಯ ವಾಕ್ಯದ ಬಳಿಕ ಆತ ಕಣ್ಣು ಮುಚ್ಚಿದ. “ತಡ ಆಯ್ತು ಮೇಡಂ.”

“ಈಗ ನಿಮ್ಮ ಸರದಿ.”

ಆತ ಬಗ್ಗಿ ಮೇಜಿನ ಕೆಳಗಿಂದ ತನ್ನ ಚೀಲವನ್ನು ಎಳೆದುಕೊಂಡ. ಮಡಿಚಿದ ಕೋಟು ಅದರ ಮೇಲೇ ಇತ್ತು. ಅದನ್ನು ತೊಟ್ಟು ಗುಂಡಿ ಹಾಕಿಕೊಳ್ಳತೊಡಗಿದ.

“ಒಂದು ನಿಮಿಷ,” ಎಂದರು ಟೀಚರ್. “ನಾನು ಬೆಳಗ್ಗೆ ಒಂಬತ್ತಕ್ಕೆ ಈ ಚೀಟಿ ತಗೊಳ್ಳೋಕೆ ಬಂದಿದ್ದೆ. ಆಗಲೇ ನಿಮ್ಮ ಚಹಾ ಕಪ್ಪು ಕಿಟಕಿ ಮೇಲೆ ಇರಲಿಲ್ಲ. ತೊಳೆದು, ಒರೆಸಿ, ಚೀಲಕ್ಕೆ ಹಾಕಿಯಾಗಿತ್ತು. ಇವಳು ನಿಮ್ಮ ಮೇಲೆ ಬಾಯಿ ಮಾಡಿದ್ದು ಮಧ್ಯಾಹ್ನ ಮೂರೂವರೆಗೆ. ಬೈಗುಳ ಬರೋದು ಬೆಳಗ್ಗೇನೇ ಗೊತ್ತಿತ್ತಾ?”

ಗುಂಡಿಯ ಮೇಲೆ ಅವನ ಬೆರಳು ನಿಂತಿತು.

ಟೀಚರ್ ಯಜಮಾನಿಯತ್ತ ತಿರುಗಿದರು. “ಇನ್ನೊಂದು ಲೆಕ್ಕ ತಾಳೆ ಆಗ್ತಿಲ್ಲ. ನಿನ್ನ ಅಕ್ಕ ಗೀರು ಅಳಿಸಿದ್ದು ಸರಿ. ಆರೂ ಅಲ್ಲ, ಎಂಟೂ ಅಲ್ಲ, ಸರಿಯಾಗಿ ಏಳೇ ಉಳೀಬೇಕು ಅಂತ ಅವಳಿಗೆ ಹೇಗೆ ಗೊತ್ತು? ನೀನು ಹೇಳಿದ್ಯಾ?”

“ಇಲ್ಲ,” ಎಂದಳು ಯಜಮಾನಿ. “ಇವರಿಗೆ ಬಿಟ್ರೆ ನಾನು ಯಾರಿಗೂ…”

ವಾಕ್ಯ ಅಲ್ಲಿಗೇ ತುಂಡಾಯಿತು. ಮುಂದಿನ ಪದ ಎಲ್ಲಿಗೆ ಹೋಗುತ್ತದೆಂದು ಕಂಡು ನಾಲಗೆ ತಾನೇ ಹಿಂದೆಗೆದಿತ್ತು. ನಿಧಾನವಾಗಿ, ಬಹಳ ನಿಧಾನವಾಗಿ, ಅವಳು ಅಕ್ಕನ ಮುಖ ನೋಡಿದಳು.

ಅಕ್ಕ ಅರವನ್ನು ಮೇಜಿನ ಮೇಲಿಟ್ಟಳು.

“ನಾನಾಗಿ ಮಾಡಿದ್ದಲ್ಲ ಪುಟ್ಟೀ. ಹನ್ನೊಂದು ದಿನದ ಹಿಂದೆ ಗೋಡೆ ಆಚೆ, ನನ್ನ ಕೋಣೆಗೆ ಬಂದ್ರು. ನಿಮ್ಮ ಕೈಯಿಂದ ಒಂದು ಗಂಟೆ ಬೇಕು, ಏಳೇ ಗೀರು ಕಾಣ್ಬೇಕು, ದನಿ ಮಾತ್ರ ನಿಮ್ಮದೇ ಇರ್ಬೇಕು ಅಂದ್ರು. ಮಾಡಿಕೊಟ್ರೆ ನಾನು ಇಲ್ಲಿಂದ ಹೋಗ್ತೀನಿ, ಕುರ್ಚಿನೂ ವಾಪಸ್ ಹೋಗುತ್ತೆ ಅಂದ್ರು.” ಅವಳು ಏಪ್ರನ್ನಿನ ಹುಡಿಯನ್ನು ಕೊಡವಿದಳು. “ನನಗೆ ಅಷ್ಟೇ ಬೇಕಿತ್ತು. ಯಾಕೆ ಅಂತ ನಾನು ಕೇಳಲಿಲ್ಲ. ಕೇಳೋದು ಅವರ ಕೆಲಸ ಅಲ್ವಾ.”

“ಯಾರು ಬಂದ್ರು?” ಎಂದಳು ಯಜಮಾನಿ, ಗೊತ್ತಿದ್ದೂ, ಬೇರೊಂದು ಹೆಸರು ಬರಲೆಂಬ ಆಸೆಯಲ್ಲಿ.

ಅಕ್ಕ ಗಲ್ಲ ಎತ್ತಿ ತೋರಿಸಿದಳು.

ಸಲಹೆಗಾರ ಆಗಲೇ ಬಾಗಿಲ ಬಳಿ ಇದ್ದ. ಚೀಲ ಒಂದು ಕೈಯಲ್ಲಿ, ಇನ್ನೊಂದು ಕೈ ಹಿಡಿಕೆಯ ಮೇಲೆ. ತನ್ನ ಮೇಲೆ ತಾನೇ ಆರೋಪ ಹೊರಿಸಿಕೊಳ್ಳಲು ಸಾಕ್ಷಿ ಮಾಡಿಸಿದವನು. ತಾನೇ ಚೀಟಿ ಕತ್ತರಿಸಿ, ತಾನೇ ಗೋಂದು ಹಚ್ಚಿ, ತಾನೇ ಪೆಟ್ಟಿಗೆ ಕಳಿಸಿ, ಮೂರು ದಿನ ಅವಳೆದುರು ಕುಳಿತು ಕಾದವನು. ಬೆಳಗ್ಗೆ ಕಪ್ಪು ತೊಳೆದವನು. ಆಮೇಲೆ, ಎಲ್ಲ ಅಂದುಕೊಂಡಂತೆ ನಡೆಯುತ್ತಿದ್ದಾಗ, “ಬಾರಿಸಿ ನೋಡಿದ್ರಾ” ಎಂದು ಕೇಳಿ ತನ್ನ ಬಲೆಯನ್ನು ತಾನೇ ಕತ್ತರಿಸಿದವನೂ ಇವನೇ.

ಯಜಮಾನಿ ಎದ್ದು ನಿಂತಳು. ಎಂಟು ತಿಂಗಳಲ್ಲಿ ಅವನು ಅವಳಿಗೆ ಸಾವಿರ ಸಲ ಎಸೆದ ಪದವನ್ನು, ಇದೇ ಮೊದಲ ಸಲ, ಅವಳು ಅವನಿಗೆ ಎಸೆದಳು.

“ಯಾಕೆ?”

ಆತ ತಿರುಗಿದ. ಅಕ್ಕನನ್ನಲ್ಲ, ಟೀಚರನ್ನಲ್ಲ, ತೂಗುತ್ತಿದ್ದ ಗಂಟೆಯನ್ನು ನೋಡಿದ.

“ನಾಳೆ ನೀವು ಹತ್ತಕ್ಕೆ ಹೋಗಿ ಕೂತಾಗ, ಆ ಮೇಜಿನ ಆಚೆ ಕಡೆ ಕೂತಿರೋರಲ್ಲಿ ಒಬ್ಬರು ನನ್ನ ನೋಡಿದ ತಕ್ಷಣ ಗುರುತು ಹಿಡೀತಾರೆ. ಹಿಡಿದ್ರೆ ನಿಮ್ಮ ಮೂವತ್ತನಾಲ್ಕು ಜನರ ಕೆಲಸ ಅಲ್ಲೇ ಮುಗೀತು. ಅದಕ್ಕೇ ನೀವೇ ನನ್ನ ಹೊರಗೆ ಹಾಕ್ಬೇಕಿತ್ತು. ನಾನಾಗಿ ಹೋದ್ರೆ ನೀವು ಹುಡುಕ್ಕೊಂಡು ಬರ್ತಿದ್ರಿ.”

“ಯಾರು? ಯಾಕೆ ಗುರುತು ಹಿಡೀಬೇಕು?”

ಆತ ಬಾಗಿಲು ತೆರೆದ. ಒತ್ತುಯಂತ್ರದ ಬಡಿತ ಕೋಣೆಯೊಳಕ್ಕೆ ನುಗ್ಗಿತು. ಯಾರೋ ದೂರದಲ್ಲಿ, “ಯಾಕಪ್ಪ ಬಂದ,” ಎಂದು ನಗುತ್ತಿದ್ದರು.

“ಅದೊಂದನ್ನ ಕೇಳ್ಬೇಡಿ,” ಎಂದ ಆ ಮನುಷ್ಯ.

ಅವನ ಬೆನ್ನ ಹಿಂದೆ ಬಾಗಿಲು ಮುಚ್ಚಿತು. ದಾರದ ತುದಿಯಲ್ಲಿ ಗಂಟೆ, ಯಾರೂ ಮುಟ್ಟದೆ, ಒಮ್ಮೆ ನುಡಿಯಿತು.